ಚಾಲಕರು ಶಾಂತ ಸ್ವಭಾವದವರು

ಮಾನ್ಯ ವಿದ್ಯಾರ್ಥಿ ವಿಮರ್ಶಾ ವಿಭಾಗದ ಮುಖ್ಯಾಧಿಕಾರಿಗಳೇ,

ನನ್ನ ಮಗಳು ಹೋಗುವ ಶಾಲಾ ಬಸ್ಸಿನ ಡ್ರೈವರು ಸ್ಟೇರಿಂಗ್ ಹಿಡಿದುಕೊಂಡೇ ನಿದ್ದೆ ಹೋಗುತ್ತಾನೆ. ಈ ಸಂಗತಿ ಬಸ್ಸಿನಲ್ಲಿರುವ ಎಲ್ಲ ಮಕ್ಕಳಿಗೂ ಗೊತ್ತು. ಗೊತ್ತಿದ್ದದ್ದನ್ನು ಅವರು ಮುಚ್ಚಿಟ್ಟಿಲ್ಲ. ಪ್ರತಿ ಶುಕ್ರವಾರ ಗುಂಡಗಿನ ಅಕ್ಷರಗಳಲ್ಲಿ ಬರೆದು ನಿಮಗೆ ಕಳಿಸುತ್ತಲೇ ಇದ್ದಾರೆ. ನೀವು ಅದನ್ನು ಓದಿದ್ದೀರಿ, ಮೆಚ್ಚಿದ್ದೀರಿ, ಆ ಬಸ್ಸಿಗೆ ಪ್ರಶಂಸಾಪತ್ರವನ್ನೂ ಕೊಟ್ಟಿದ್ದೀರಿ. ಆ ಪತ್ರ ಈಗ ಡ್ರೈವರನ ತಲೆಯ ಮೇಲ್ಗಡೆ, ಕನ್ನಡಿಯ ಪಕ್ಕದಲ್ಲಿ ಅಂಟಿಕೊಂಡಿದೆ. ಕಣ್ಣು ಬಿಟ್ಟಿದ್ದಾಗಲೆಲ್ಲ ಆತ ಅದನ್ನು ನೋಡಿ ಸಂತೋಷಪಡುತ್ತಾನೆ.

ಇದನ್ನು ಕಚೇರಿಗೇ ಬಂದು ಹೇಳಬಹುದಿತ್ತಲ್ಲ, ಪತ್ರಿಕೆಗೆ ಯಾಕೆ ಬರೆದೆ ಎಂದು ನೀವು ಕೇಳಬಹುದು. ಬಂದಿದ್ದೆ, ಹೇಳಿದ್ದೆ. ಹೇಳಿದ ಮೇಲೆ ಏನಾಯಿತೆಂಬುದನ್ನು ಮುಂದೆ ಬರೆಯುತ್ತೇನೆ. ಮೊದಲು ನಾನು ಯಾರೆಂದು ತಿಳಿಸಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಭಾಷೆಯ ವಿಚಾರದಲ್ಲಿ ಮೂಗು ತೂರಿಸಲು ಇವನ್ಯಾರು ಎಂದು ನಿಮಗೆ ಅನ್ನಿಸೀತು.

ನಾನು ಹಳೆಯ ಕುರ್ಚಿ, ಮೇಜು, ಮಂಚ, ಬೀರು ಕೊಂಡು ಮಾರುವವನು. ಮೊದಲು ರಸ್ತೆ ಬದಿಯಲ್ಲಿ ಟಾರ್ಪಾಲಿನ ಕೆಳಗೆ ಕೂತಿದ್ದೆ, ಈಗ ಶಟರ್ ಇರುವ ಅಂಗಡಿಯಲ್ಲಿ ಕೂತಿದ್ದೇನೆ. ಬಂಡವಾಳ ಅಂತ ಇದ್ದದ್ದು ನಾಲಿಗೆ ಒಂದೇ. ಆದ್ದರಿಂದ ಹೊಗಳಿಕೆಯ ಪದಗಳು ಎಲ್ಲಿ ಹುಟ್ಟಿ ಎಲ್ಲಿ ಖರ್ಚಾಗುತ್ತವೆ ಎಂಬುದು ನನಗೆ ಗೊತ್ತಿರುವಷ್ಟು ನಿಮ್ಮ ವಿಭಾಗದಲ್ಲಿ ಯಾರಿಗೂ ಗೊತ್ತಿರಲಾರದು. ನನ್ನ ಅಂಗಡಿಯಲ್ಲಿ ಮುರುಕು ಕುರ್ಚಿ ಎಂಬುದೇ ಇಲ್ಲ. ‘ಹಗುರವಾದ ಕುರ್ಚಿ’ ಇದೆ. ಬಾಗಿಲು ಕೂರದ ಬೀರುವಿಗೆ ‘ಗಾಳಿಯಾಡುವ ಬೀರು’ ಎನ್ನುತ್ತೇನೆ. ಮಂಚ ಕಿರುಗುಟ್ಟಿದರೆ ‘ಹಳೇ ಕಾಲದ ಮರ, ಮಾತಾಡುತ್ತೆ ನೋಡಿ’. ಇದರಲ್ಲಿ ಮೋಸವಿಲ್ಲವೇ? ಸ್ವಲ್ಪ ಇದೆ. ಆದರೆ ಈ ಮೋಸಕ್ಕೊಂದು ಕಟ್ಟುಪಾಡೂ ಇದೆ. ಹೊಗಳುವುದು ಮಾರುವವನ ಕೆಲಸ, ಅಲ್ಲಾಡಿಸಿ ನೋಡುವುದು ಕೊಳ್ಳುವವನ ಕೆಲಸ. ಗಿರಾಕಿ ಕುರ್ಚಿಯ ಬೆನ್ನು ಹಿಡಿದು ಅಲುಗಿಸುತ್ತಾನೆ, ಬಗ್ಗಿ ಕಾಲು ನೋಡುತ್ತಾನೆ, “ಇದೇನ್ ಯಜಮಾನ್ರೇ, ಕುರ್ಚಿನೋ ಉಯ್ಯಾಲೆನೋ” ಎಂದು ನಾಲ್ಕು ಜನರ ಮುಂದೆ ನನ್ನ ಮಾನ ಕಳೆಯುತ್ತಾನೆ. ಆಮೇಲೆ ಇಬ್ಬರೂ ನಕ್ಕು ಒಂದು ಮಾತಿಗೆ ಬರುತ್ತೇವೆ. ಗಿರಾಕಿಯ ಆ ಒರಟು ಮಾತು ಇರುವುದರಿಂದಲೇ ನನ್ನ ಕುರ್ಚಿಯಿಂದ ಇಲ್ಲಿಯವರೆಗೆ ಯಾರೂ ಬಿದ್ದು ಸೊಂಟ ಮುರಿದುಕೊಂಡಿಲ್ಲ.

ನೀವು ಮಾಡಿದ್ದೇನು? ಗಿರಾಕಿಯ ಬಾಯಿಂದ ಅವನ ಮಾತನ್ನು ಕಿತ್ತುಕೊಂಡು, ಅಲ್ಲಿ ವ್ಯಾಪಾರಿಯ ಮಾತನ್ನು ತುರುಕಿದಿರಿ. ಅದೂ ಮಕ್ಕಳ ಬಾಯಿಗೆ.

ಈ ಪತ್ರ ಓದುತ್ತಿರುವ ಉಳಿದವರಿಗಾಗಿ ನಿಮ್ಮ ಯೋಜನೆಯನ್ನು ಎರಡು ಮಾತಿನಲ್ಲಿ ವಿವರಿಸುತ್ತೇನೆ. ಪ್ರತಿ ಶುಕ್ರವಾರದ ಕೊನೆಯ ಪಿರಿಯಡ್ಡಿನಲ್ಲಿ ಮಕ್ಕಳು ಶಾಲೆಯ ಒಂದು ಸೌಲಭ್ಯದ ಬಗ್ಗೆ ವಿಮರ್ಶೆ ಬರೆಯಬೇಕು. ಗ್ರಂಥಾಲಯ, ಪ್ರಯೋಗಾಲಯ, ಶೌಚಾಲಯ, ಬಸ್ಸು, ಯಾವುದಾದರೂ ಆದೀತು. ಯಾವ ಪದಗಳಲ್ಲಿ ಬರೆಯಬೇಕು ಎಂಬುದಕ್ಕೆ ನಿಮ್ಮ ಕಚೇರಿಯಿಂದ ಒಂದು ಪದಪಟ್ಟಿ ಬಂದಿದೆ. ಎಲ್ಲ ತರಗತಿಗಳಲ್ಲೂ ಕಪ್ಪು ಹಲಗೆಯ ಪಕ್ಕ ಹಸಿರು ಬಣ್ಣದಲ್ಲಿ ತೂಗುತ್ತಿದೆ. ಮೊದಲ ಸಾಲಿನಲ್ಲಿ ‘ಶ್ಲಾಘನೆ’ಯ ಪದಗಳು, ಎರಡನೆಯದರಲ್ಲಿ ‘ಪ್ರೋತ್ಸಾಹ’ದವು, ಮೂರನೆಯದರಲ್ಲಿ ‘ಬೆಳವಣಿಗೆಯ ಅವಕಾಶ’ದವು. ನಾಲ್ಕನೆಯ ಸಾಲು ಇಲ್ಲ. ಕೆಟ್ಟದ್ದು ಎಂಬ ಪದ ಪಟ್ಟಿಯಲ್ಲಿಲ್ಲ, ಹಾಗಾಗಿ ಕೆಟ್ಟದ್ದು ಎಂಬುದು ಶಾಲೆಯಲ್ಲೂ ಇಲ್ಲ. ಒಂದು ಕೊರತೆ ಹೇಳಬೇಕಾದರೆ ಮೊದಲು ಎರಡು ಶ್ಲಾಘನೆ ಹೇಳಬೇಕು. ಪಟ್ಟಿಯ ಹೊರಗಿನ ಪದ ಬಳಸಿದರೆ ಅಂಕ ಕಡಿತ. ಈ ಅಂಕ ವರ್ಷದ ಕೊನೆಯ ಫಲಿತಾಂಶಕ್ಕೆ ಸೇರುತ್ತದೆ, ಮಕ್ಕಳ ವಿಮರ್ಶೆಗಳೆಲ್ಲ ಸೇರಿ ಶಾಲೆಯ ದರ್ಜೆಯಾಗುತ್ತವೆ, ಶಾಲೆಗಳ ದರ್ಜೆಯೆಲ್ಲ ಸೇರಿ ನಿಮ್ಮ ವಾರ್ಷಿಕ ವರದಿಯಾಗುತ್ತದೆ.

ನ್ಯಾಯವಾಗಿ ಹೇಳುತ್ತೇನೆ, ಇದರ ಹಿಂದೆ ನಿಮ್ಮ ದುರುದ್ದೇಶವೇನೂ ಇರಲಿಲ್ಲ. ಮೊದಮೊದಲು ಮಕ್ಕಳು ಲೆಕ್ಕದ ಮೇಷ್ಟ್ರ ಬೋಳುತಲೆಯ ಬಗ್ಗೆ, ಪಿ.ಟಿ. ಮೇಷ್ಟ್ರ ಹೊಟ್ಟೆಯ ಬಗ್ಗೆ ಕೈಗೆ ಬಂದಂತೆ ಗೀಚಿದ್ದರು. ಕೇಳುವವರಿಗೆ ನಗು, ಅನ್ನಿಸಿಕೊಂಡವರಿಗೆ ನೋವು. ಮಕ್ಕಳಿಗೆ ಸೌಜನ್ಯ ಕಲಿಸಬೇಕು ಎಂದು ನೀವು ಹೊರಟಿರಿ. ಹೊರಟದ್ದು ಸರಿ, ತಲುಪಿದ್ದೆಲ್ಲಿಗೆ? ನನ್ನ ಮಗಳು ಶಾಲೆಯ ಶೌಚಾಲಯದ ಬಗ್ಗೆ ಬರೆದು ಪೂರ್ಣ ಅಂಕ ಪಡೆದ ವಿಮರ್ಶೆ ಇದು: “ಶೌಚಾಲಯವು ವಿಶಾಲವಾಗಿದೆ. ಗೋಡೆಯ ಬಣ್ಣ ಮನೋಹರವಾಗಿದೆ. ನೀರಿನ ವಿಷಯದಲ್ಲಿ ಬೆಳವಣಿಗೆಗೆ ಅವಕಾಶವಿದೆ.” ನೀರು ಬರದೆ ತಿಂಗಳುಗಟ್ಟಲೆ ಆಗಿತ್ತು. ಇದನ್ನು ಓದಿ ಯಾರಾದರೂ ಪ್ಲಂಬರನ್ನು ಕರೆಸುತ್ತಾರೆಯೇ? ಗೋಡೆಗೆ ಬಣ್ಣ ಹೊಡೆದವನನ್ನು ಕರೆಸಿ ಹಾರ ಹಾಕಿಯಾರು.

ನನ್ನ ಮಗಳಿಗೆ ಮನೆಯಲ್ಲಿ ವಕೀಲಮ್ಮ ಎಂದು ಹೆಸರು. ಬಾಯಿ ಅಷ್ಟು ಜೋರಾಗಿತ್ತು. ರಜೆಯಲ್ಲಿ ಅಂಗಡಿಗೆ ಬಂದು ಕೂತರೆ ನನ್ನ ವ್ಯಾಪಾರ ಕೆಟ್ಟಿತೆಂದೇ ಲೆಕ್ಕ. “ಅಪ್ಪ, ಈ ಮೇಜು ಮೂರೇ ಕಾಲಲ್ಲಿ ನಿಂತಿರೋದು, ನಾಲ್ಕನೇದು ಸುಮ್ನೆ ಜೊತೆಗಿದೆ” ಎಂದು ಗಿರಾಕಿಯ ಎದುರೇ ಹೇಳಿಬಿಡುತ್ತಿದ್ದಳು. ನಾನು ಕಣ್ಣು ಕೆಂಪಗೆ ಮಾಡಿದರೂ ಒಳಗೊಳಗೆ ಹಿಗ್ಗುತ್ತಿದ್ದೆ. ಲೋಕದಲ್ಲಿ ಇವಳನ್ನು ಯಾರೂ ಏಮಾರಿಸಲಾರರು ಎಂಬ ಹಿಗ್ಗು. ನಿಮ್ಮ ಪಟ್ಟಿ ಬಂದ ಮೇಲೆ ಅವಳ ಮಾತಿಗೆ ನಿಧಾನವಾಗಿ ಪಾಲಿಶ್ ಹತ್ತಿತು. ಒಂದು ದಿನ ಊಟಕ್ಕೆ ಕೂತವಳು, “ಅಮ್ಮ, ಅಡುಗೆ ಆಕರ್ಷಕವಾಗಿದೆ. ಪರಿಮಳ ಮನೋಹರವಾಗಿದೆ. ಉಪ್ಪಿನ ವಿಷಯದಲ್ಲಿ ಬೆಳವಣಿಗೆಗೆ ಅವಕಾಶವಿದೆ” ಎಂದಳು.

“ಉಪ್ಪು ಹಾಕಿಲ್ಲ ಅನ್ನೋಕೆ ನಿಂಗೆ ಬಾಯಿಲ್ವೇನೇ?” ಎಂದಳು ನನ್ನ ಹೆಂಡತಿ.

“ಹಾಗಂದ್ರೆ ಅಂಕ ಹೋಗುತ್ತಮ್ಮ.”

“ಇಲ್ಲಿ ಅಂಕ ಹಾಕೋರು ಯಾರೇ? ಇದು ಮನೆ ಕಣೇ.”

ನಾವಿಬ್ಬರೂ ನಕ್ಕೆವು. ಮಗಳು ನಗಲಿಲ್ಲ. ಅದು ನನಗೆ ಅಂದೇ ಹೊಳೆಯಬೇಕಿತ್ತು.

ಹೊಳೆದದ್ದು ಕಳೆದ ತಿಂಗಳು, ಅವಳ ಗಂಟಲು ಕಟ್ಟಿದ ಬೆಳಗ್ಗೆ. ಬಾಯಿ ತೆರೆದರೆ ಬರೀ ಗಾಳಿ. ಇವತ್ತು ಶಾಲೆ ಬೇಡ, ಮಲಗು ಎಂದರೆ ಅಳುವುದಕ್ಕೆ ಶುರುಮಾಡಿದಳು. ಅಳುವೂ ಸದ್ದಿಲ್ಲದ ಅಳು. “ನಂದು ಪಾಳಿ ಇದೆ ಅಪ್ಪ” ಎಂದು ಪಿಸುಗುಟ್ಟಿದಳು. ಪಾಠ ಓದುವ ಪಾಳಿ ಇರಬೇಕು ಎಂದುಕೊಂಡು, ಟೀಚರಿಗೆ ಚೀಟಿ ಬರೆದುಕೊಡುತ್ತೇನೆ ಎಂದೆ. ತಲೆ ಆಡಿಸಿದಳು.

“ಟೀಚರ್ದಲ್ಲ. ಬಸ್ಸಿಂದು. ಡ್ರೈವರ್ ಅಂಕಲ್‌ನ ಮಾತಾಡ್ಸೋ ಪಾಳಿ.”

“ಅವರನ್ನ ಯಾಕೆ ಮಾತಾಡ್ಸಬೇಕು?”

“ಇಲ್ದಿದ್ರೆ ಶಾಂತವಾಗ್ತಾರೆ.”

“ಶಾಂತವಾದ್ರೆ ಒಳ್ಳೇದೇ ಅಲ್ವೇನೇ?”

ಅವಳು ನನ್ನ ಮುಖವನ್ನೇ ನೋಡಿದಳು. ಬೇರೆ ಪದ ಹುಡುಕುತ್ತಿದ್ದಾಳೆ, ಅದು ಒಳಗೆಲ್ಲೋ ಇದೆ, ಬಾಯಿಗೆ ಬರುತ್ತಿಲ್ಲ ಎಂದು ನನಗೆ ಕಂಡಿತು. ಕೊನೆಗೆ ಪದದ ತಂಟೆಗೇ ಹೋಗದೆ, ಎರಡೂ ಕೈಯನ್ನು ಗಾಳಿಯಲ್ಲಿ ಸ್ಟೇರಿಂಗ್ ಹಿಡಿದಂತೆ ಹಿಡಿದಳು. ತಲೆಯನ್ನು ಮೆಲ್ಲಗೆ ಎದೆಯ ಮೇಲೆ ವಾಲಿಸಿದಳು. ಕಣ್ಣು ಮುಚ್ಚಿದಳು.

ಮಾನ್ಯರೇ, ನಿಮ್ಮ ಮೂರು ಸಾಲಿನ ಪಟ್ಟಿಯನ್ನು ಕಲಿತ ಮಗು ಕೊನೆಗೆ ಮೂಕಾಭಿನಯದಲ್ಲಿ ಸತ್ಯ ಹೇಳಬೇಕಾಯಿತು.

ಅವಳನ್ನು ಮಲಗಿಸಿ, ಅವಳ ಬದಲಿಗೆ ನಾನೇ ಬಸ್ಸು ಹತ್ತಿದೆ. ಡ್ರೈವರನ ಹಿಂದಿನ ಸೀಟಿನಲ್ಲಿ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಬಂದು ಕೂತಳು, ನನ್ನ ಮಗಳು ಬಾರದ್ದಕ್ಕೆ ಬದಲಿ. ಎದುರಿನ ಕಬ್ಬಿಣದ ಸರಳು ಮಕ್ಕಳು ಹಿಡಿದು ಹಿಡಿದು ಬಣ್ಣ ಬಿಟ್ಟು ಹೊಳೆಯುತ್ತಿತ್ತು. ಪೇಟೆಯ ಒಳಗೆ ಎಲ್ಲ ಗಲಾಟೆ, ನಗು, ತಳ್ಳಾಟ. ಬಸ್ಸು ಕಾಲುವೆಯ ಪಕ್ಕದ ಉದ್ದನೆಯ ನೇರ ರಸ್ತೆಗೆ ತಿರುಗಿತು. ಯಾರೂ ಹೇಳದೆಯೇ ಗಲಾಟೆ ನಿಂತಿತು. ಕಿಟಕಿ ಪಕ್ಕದ ಮಕ್ಕಳು ಕೂಡ ಹೊರಗೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಡ್ರೈವರನ ಮುಖ ಕಾಣುವ ಕನ್ನಡಿಯ ಮೇಲೆ.

“ಅಂಕಲ್, ನಿಮ್ಮನೇಲಿ ಬೆಕ್ಕಿದ್ಯಾ?” ಎಂದಳು ಕನ್ನಡಕದ ಹುಡುಗಿ.

“ಇದೆ ಮರೀ.”

“ಯಾವ ಬಣ್ಣ ಅಂಕಲ್?”

“ಕಪ್ಪು.”

“ಬಾಲ?”

ಉತ್ತರವಿಲ್ಲ. ಬಸ್ಸು ಸಣ್ಣಗೆ, ಬಹಳ ಸಮಾಧಾನವಾಗಿ, ಕಾಲುವೆಯ ಕಡೆಗೆ ಸರಿಯತೊಡಗಿತು. ಚಕ್ರದ ಕೆಳಗೆ ಡಾಂಬರಿನ ಸದ್ದು ಹೋಗಿ ಜಲ್ಲಿಯ ಸದ್ದು ಬಂತು.

“ಅಂಕಲ್. ಬಾಲ ಯಾವ ಬಣ್ಣ?” ಹುಡುಗಿ ಕಿರುಚಲಿಲ್ಲ. ಕಿರುಚಿದರೆ ಆತ ಬೆಚ್ಚಿ ಸ್ಟೇರಿಂಗ್ ತಿರುಗಿಸಿಬಿಡುತ್ತಾನೆ ಎಂದು ಅವರಿಗೆ ಅನುಭವವಿದೆ. ದನಿಯನ್ನು ಒಂದು ಮೆಟ್ಟಿಲು ಮಾತ್ರ ಏರಿಸಿದಳು.

“ಬಾಲಾನೂ ಕಪ್ಪೇ ಕಣಮ್ಮ” ಎಂದ ಡ್ರೈವರು. ಜಲ್ಲಿಯ ಸದ್ದು ಹೋಯಿತು.

ಶಾಲೆಯ ಗೇಟಿನಲ್ಲಿ ಮಕ್ಕಳು ಇಳಿದ ಮೇಲೆ ಆತನನ್ನು ಮಾತಾಡಿಸಿದೆ. ಕೆಟ್ಟ ಮನುಷ್ಯನಲ್ಲ. ಕುಡಿಯುವವನೂ ಅಲ್ಲ. ರಾತ್ರಿಯಿಡೀ ಕಾರ್ಖಾನೆಯವರ ಬಸ್ಸು, ಬೆಳಗ್ಗೆ ಸಂಜೆ ಶಾಲೆಯದು. “ಎರಡೂ ಒಬ್ರೇ ಕಂಟ್ರಾಕ್ಟರ್ದು ಸರ್. ಒಂದು ಬಿಡ್ತೀನಿ ಅಂದ್ರೆ ಎರಡೂ ಬಿಡು ಅಂತಾರೆ” ಎಂದ. ನಿದ್ದೆ ಬರುವುದಿಲ್ಲವೇ ಎಂದು ಕೇಳಿದೆ. “ಬರುತ್ತೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಈ ಮಕ್ಳು ಬಿಡಲ್ಲ ಸರ್. ದಿನಾ ಒಬ್ಬರಲ್ಲ ಒಬ್ಬರು ಹಿಂದೆ ಕೂತು ಮಾತಾಡಿಸ್ತಾನೇ ಇರ್ತವೆ. ನನ್ನ ಕಂಡ್ರೆ ಅಷ್ಟು ಪ್ರೀತಿ.” ಹೀಗೆ ಹೇಳಿ ಕನ್ನಡಿಯ ಪಕ್ಕದ ನಿಮ್ಮ ಪ್ರಶಂಸಾಪತ್ರವನ್ನು ತೋರಿಸಿದ. ಅದರಲ್ಲಿ ನಿಮ್ಮ ಸಹಿಯ ಮೇಲೆ ಹೀಗಿದೆ: ವಿದ್ಯಾರ್ಥಿಗಳೊಂದಿಗೆ ನಿರಂತರ ಸಂವಾದ ನಡೆಸುವ ಶಾಂತ ಸ್ವಭಾವದ ಚಾಲಕರಿಗೆ.

ಮುಖ್ಯೋಪಾಧ್ಯಾಯಿನಿಯವರ ಬಳಿ ಹೋದೆ. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬಸ್ಸಿನ ಸಾಲು ಪೂರ್ತಿ ಹಸಿರು. “ನೋಡಿ, ಸೌಲಭ್ಯ ಬದಲಾಯಿಸೋಕೆ ಬಳಕೆದಾರರ ವಿಮರ್ಶೆಯೇ ಆಧಾರ ಅಂತ ನಿಯಮ ಇದೆ. ನೀವು ಪೋಷಕರು, ಬಳಕೆದಾರರಲ್ಲ. ಯಾವುದಾದ್ರೂ ಮಗು ಚೆನ್ನಾಗಿಲ್ಲ ಅಂತ ಬರೆದಿದ್ರೆ ಇವತ್ತೇ ನಿಲ್ಲಿಸ್ತಿದ್ದೆ.” ಚೆನ್ನಾಗಿಲ್ಲ ಎಂದು ಬರೆಯಲು ಮಕ್ಕಳಿಗೆ ಪದ ಕೊಟ್ಟಿದ್ದೀರಾ ಎಂದೆ. “ಪದ ಕೊಡೋರು ನಾವಲ್ಲ, ಮೇಲಿನವರು” ಎಂದರು. ಮೇಲಿನವರೆಂದರೆ ನೀವು.

ಹೊರಗೆ ಕಾರಿಡಾರಿನಲ್ಲಿ ಭಾಷೆಯ ಟೀಚರು ನನಗಾಗಿ ನಿಂತಿದ್ದರು. ಸಣ್ಣ ವಯಸ್ಸಿನವರು. “ನಿಮ್ಮ ಮಗಳೇ ಸರ್, ಮೊದಲು ಬರೆದಿದ್ದು” ಎಂದರು. “ಶಾಲೆ ಶುರುವಾದ ಹೊಸದರಲ್ಲೇ. ‘ಡ್ರೈವರ್ ಅಂಕಲ್ ನಿದ್ದೆ ಮಾಡುತ್ತಾರೆ, ನನಗೆ ಭಯವಾಗುತ್ತದೆ’ ಅಂತ. ನಿದ್ದೆ ಪಟ್ಟಿಯಲ್ಲಿಲ್ಲ. ಭಯಾನೂ ಇಲ್ಲ. ಹಾಗೇ ಕಳಿಸಿದ್ರೆ ಹಾಳೆ ವಾಪಸ್ ಬರುತ್ತೆ. ಅದಕ್ಕೇ ತಿದ್ದಿದೆ. ‘ಚಾಲಕರು ಶಾಂತ ಸ್ವಭಾವದವರು, ಪ್ರಯಾಣ ರೋಮಾಂಚಕವಾಗಿದೆ, ವಿಶ್ರಾಂತಿಯ ವಿಷಯದಲ್ಲಿ ಬೆಳವಣಿಗೆಗೆ ಅವಕಾಶವಿದೆ.’ ಮೇಲಿನವರು ಅದನ್ನ ಮಾದರಿ ವಿಮರ್ಶೆ ಅಂತ ಎಲ್ಲಾ ಶಾಲೆಗೂ ಕಳಿಸಿದ್ರು.”

“ವಿಷಯ ಗೊತ್ತಾದ್ಮೇಲೆ ನೀವಾದ್ರೂ ಹೇಳಬಹುದಿತ್ತಲ್ಲಮ್ಮ.”

“ಹೇಳಿದೆ ಸರ್. ಬರೆದು ಕೊಡಿ ಅಂದ್ರು. ಬರೆದುಕೊಟ್ಟೆ.”

“ಏನಂತ?”

ಅವರು ತೆರೆದ ಬಾಗಿಲಿನಿಂದ ಒಳಗಿನ ಗೋಡೆಯ ಹಸಿರು ಪಟ್ಟಿಯನ್ನು ನೋಡಿದರು. ಶಿಕ್ಷಕರ ವರದಿಗೂ ಅದೇ ಪಟ್ಟಿಯಂತೆ.

ಕೊನೆಗೆ ನಿಮ್ಮ ಕಚೇರಿಗೆ ಬಂದೆ. ಮಾದರಿ ವಿಮರ್ಶೆ ಬರೆದ ಮಗುವಿನ ತಂದೆ ಎಂದು ಒಳಗೆ ಬಿಟ್ಟರು. ಕಿಟಕಿಯ ಹಿಂದಿನ ಗುಮಾಸ್ತರು ಬಹಳ ಮರ್ಯಾದಸ್ಥರು, ಕುರ್ಚಿ ಕೊಟ್ಟರು. (ಕುರ್ಚಿ ಅಲ್ಲಾಡುತ್ತಿತ್ತು. ಹೇಳಲಿಲ್ಲ.) ನನ್ನ ಅರ್ಜಿಯನ್ನು ಓದಿ, ಒಂದು ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಹಿಂದಕ್ಕೆ ತಳ್ಳಿದರು.

“ಇಲ್ಲಿ ‘ಸಾಯುತ್ತಾರೆ’ ಅಂತ ಬರೆದಿದ್ದೀರಿ. ಅದನ್ನ ಸ್ವಲ್ಪ ಬದಲಾಯಿಸಿಕೊಡಿ.”

“ಏನಂತ ಬದಲಾಯಿಸಲಿ ಸ್ವಾಮಿ? ಸಾಯೋದಕ್ಕೆ ಬೇರೆ ಏನಂತೀರಿ?”

“ಅಂದ್ರೆ, ಇನ್ನೂ ಆಗಿಲ್ಲವಲ್ಲ. ಆಗದೇ ಇರೋದನ್ನ ನಾವು ಸ್ವೀಕರಿಸೋಕೆ ಬರಲ್ಲ. ಆದ ಮೇಲಾದ್ರೆ ಬೇರೆ ವಿಭಾಗ ಇದೆ, ಎದುರುಗಡೆ ಕಟ್ಟಡ.”

ಹೊರಡುವಾಗ ಒಂದು ಚೀಟಿ ಕೊಟ್ಟರು. ನಮ್ಮ ಸೇವೆ ಹೇಗಿತ್ತು ಎಂದು ಗುರುತು ಹಾಕಬೇಕಿತ್ತು. ಉತ್ತಮ, ಅತ್ಯುತ್ತಮ, ಅದ್ಭುತ. ನಾನು ಚೀಟಿಯನ್ನು ಹಾಗೇ ಇಟ್ಟು ಬಂದೆ. ಖಾಲಿ ಚೀಟಿಯನ್ನು ಅದ್ಭುತದ ಲೆಕ್ಕಕ್ಕೆ ಸೇರಿಸುತ್ತೇವೆ ಎಂದು ಬಾಗಿಲಲ್ಲಿದ್ದವರು ಹೇಳಿದರು.

ಇದು ಒಂದು ಬಸ್ಸಿನ ಮಾತು ಎಂದು ನೀವು ತಳ್ಳಿಹಾಕಬಹುದು. ಆದರೆ ನನ್ನ ಮಗಳ ವಿಮರ್ಶೆಯನ್ನು ಮಾದರಿಯೆಂದು ಎಲ್ಲ ಶಾಲೆಗಳಿಗೂ ಕಳಿಸಿದವರು ನೀವು. ಈಗ ಎಷ್ಟು ಬಸ್ಸುಗಳಲ್ಲಿ ಶಾಂತ ಸ್ವಭಾವದ ಚಾಲಕರಿದ್ದಾರೆ? ನಿಮ್ಮ ವಾರ್ಷಿಕ ವರದಿಯನ್ನು ತರಿಸಿ ಓದಿದೆ. ಆ ಮಾತು ಪುಟಪುಟದಲ್ಲಿದೆ. ಅದರಲ್ಲಿ ಎಷ್ಟು ಮಂದಿ ನಿಜಕ್ಕೂ ಶಾಂತರು, ಎಷ್ಟು ಮಂದಿ ತಲೆ ವಾಲಿಸಿದವರು ಎಂದು ನಿಮಗೂ ಗೊತ್ತಿಲ್ಲ, ಇನ್ನು ಯಾರಿಗೂ ಗೊತ್ತಾಗುವ ಹಾಗಿಲ್ಲ. ಈ ಮಕ್ಕಳು ದೊಡ್ಡವರಾಗುತ್ತಾರೆ. ಒಬ್ಬಳು ಆಸ್ಪತ್ರೆಯಲ್ಲಿ ನರ್ಸಾಗಿ ರೋಗಿಯ ಉಸಿರಾಟದಲ್ಲಿ ಬೆಳವಣಿಗೆಗೆ ಅವಕಾಶವಿದೆ ಎಂದು ಬರೆಯುತ್ತಾಳೆ. ಇನ್ನೊಬ್ಬ ಸೇತುವೆಯ ಕೆಳಗೆ ನಿಂತು, ಬಿರುಕನ್ನು ಕಣ್ಣಾರೆ ಕಂಡು, ವಿನ್ಯಾಸ ರೋಮಾಂಚಕ ಎಂದು ಬರೆಯುತ್ತಾನೆ. ಆ ಸೇತುವೆಯ ಮೇಲೆ ನೀವೂ ಹೋಗುತ್ತೀರಿ, ನಾನೂ ಹೋಗುತ್ತೇನೆ.

ಬೇರೆ ಪೋಷಕರನ್ನು ಕೇಳಿದೆ. “ಪ್ರಶಸ್ತಿ ಬಂದಿರೋ ಬಸ್ಸು ಸರ್, ನೀವೊಬ್ರು” ಎಂದು ನಕ್ಕರು. “ರೀ, ನಮ್ಮವಳನ್ನ ಸ್ಕೂಟರಲ್ಲಿ ಬಿಟ್ಟು ಬನ್ನಿ, ಸಾಕು” ಎಂದಳು ಹೆಂಡತಿ. ನನಗೂ ಅದೇ ಸರಿ ಕಂಡಿತು. ಒಪ್ಪದಿದ್ದವಳು ಮಗಳು. ಗಂಟಲು ಅರ್ಧ ವಾಸಿಯಾಗಿತ್ತು. “ನನ್ನ ಆದ್ಮೇಲೆ ಗುಬ್ಬಿ ಪಾಳಿ. ನಾನು ಬಿಟ್ರೆ ನಂದೂ ಅವಳಿಗೇ ಹೋಗುತ್ತೆ ಅಪ್ಪ” ಎಂದಳು. ಗುಬ್ಬಿ ಎಂದರೆ ಬಸ್ಸಿನಲ್ಲೇ ಅತಿ ಚಿಕ್ಕವಳು. “ಅವಳಿನ್ನೂ ಹೊಸಬಳು, ಮಾತೇ ಆಡಲ್ಲ. ನಾಚಿಕೆ.”

ಅಂದಿನಿಂದ ಬೆಳಗ್ಗೆ ಸಂಜೆ ಅಂಗಡಿಯ ಶಟರ್ ಎಳೆದು ಆ ಸೀಟಿನಲ್ಲಿ ನಾನು ಕೂರುತ್ತಿದ್ದೇನೆ. ಕಂಟ್ರಾಕ್ಟರನಿಗೂ ಹೇಳಿ ನೋಡಿದೆ; ಆತನೂ ನಿಮ್ಮ ಪ್ರಶಂಸಾಪತ್ರದ ಪ್ರತಿ ತೋರಿಸಿದ. ಮಾತು ನನ್ನ ಕಸುಬು, ಹಾಗಾಗಿ ಡ್ರೈವರನಿಗೆ ಇಡೀ ಅಂಗಡಿಯನ್ನೇ ವಿವರಿಸಿದ್ದೇನೆ. ಒಂದೊಂದು ಮಂಚ, ಒಂದೊಂದು ಕಾಲು, ಒಂದೊಂದು ಮೊಳೆ. ಕಾಲುವೆ ರಸ್ತೆಯಲ್ಲಿ ನನ್ನಂಥವನಿಗೂ ಮಾತು ಬತ್ತುತ್ತದೆ. ಆಗ ಹಿಂದಿನಿಂದ ಯಾವುದಾದರೂ ಮಗು ಮೆಲ್ಲಗೆ ಒಂದು ಪ್ರಶ್ನೆಯನ್ನು ನನ್ನ ಕಿವಿಗೆ ದಾಟಿಸುತ್ತದೆ. ಅವರ ಬಳಿ ಪ್ರಶ್ನೆಗಳ ದಾಸ್ತಾನು ಇದೆ.

ಮೊನ್ನೆ ನಿಮ್ಮ ಕಚೇರಿಯಿಂದ ಶಾಲೆಗೆ ಸೂಚನೆ ಬಂದಿದೆ. ಬಸ್ಸಿನಲ್ಲಿ ವಯಸ್ಕರೊಬ್ಬರು ಕೂರುವುದರಿಂದ ವಿದ್ಯಾರ್ಥಿಗಳ ವಿಮರ್ಶೆಯ ಸಹಜತೆಗೆ ಧಕ್ಕೆಯಾಗುತ್ತದೆ. ಆದ್ದರಿಂದ ಬರುವ ಸೋಮವಾರದಿಂದ ಪೋಷಕರಿಗೆ ಪ್ರವೇಶವಿಲ್ಲ. ಮುಖ್ಯೋಪಾಧ್ಯಾಯಿನಿಯವರು ಅದನ್ನು ನನಗೆ ಓದಿ ಹೇಳುವಾಗ ತಲೆ ಎತ್ತಲಿಲ್ಲ. ಮಕ್ಕಳು ಆ ಮಧ್ಯಾಹ್ನವೇ ಹಳೆಯ ಪಾಳಿಯನ್ನು ಮತ್ತೆ ಶುರುಮಾಡಿಕೊಂಡರು. ನಾನು ಕೂತಿದ್ದ ದಿನಗಳಲ್ಲಿ ತಪ್ಪಿಹೋದವರಿಂದ ಮೊದಲು. ಅದು ಅವರ ನ್ಯಾಯ. ಅದರ ಪ್ರಕಾರ ಸೋಮವಾರ ಗುಬ್ಬಿಯ ಪಾಳಿ. ಈಗ ನನ್ನ ಮಗಳು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತು ಕಲಿಸುತ್ತಿದ್ದಾಳೆ: ಬೆಕ್ಕು ಇದ್ಯಾ ಕೇಳು. ಬಣ್ಣ ಕೇಳು. ಆಮೇಲೆ ಬಾಲ ಕೇಳು. ಉತ್ತರ ಬರದಿದ್ರೆ ಕಿರುಚಬೇಡ, ಇನ್ನೊಂದು ಸಲ ಕೇಳು.

ನನ್ನ ಬೇಡಿಕೆ ದೊಡ್ಡದಲ್ಲ. ರಾತ್ರಿ ಬಸ್ಸು ಓಡಿಸಿದವನ ಕೈಗೆ ಬೆಳಗ್ಗೆ ಮಕ್ಕಳ ಬಸ್ಸು ಕೊಡಬೇಡಿ. ಆತನ ಹೊಟ್ಟೆಗೂ ಹೊಡೆಯಬೇಡಿ, ಒಂದು ಕೆಲಸಕ್ಕೆ ಬದುಕುವಷ್ಟು ಕೊಡಿಸಿ. ನಿಮ್ಮ ಹಸಿರು ಪಟ್ಟಿಯಲ್ಲಿ ನಾಲ್ಕನೆಯ ಸಾಲು ಎಳೆದು, ಅದರಲ್ಲಿ ‘ಭಯ’ ಎಂಬ ಒಂದೇ ಪದ ಬರೆಯಿರಿ. ಉಳಿದವನ್ನು ಮಕ್ಕಳು ತಾವೇ ತುಂಬಿಕೊಳ್ಳುತ್ತಾರೆ. ಇದಕ್ಕೆಲ್ಲ ಸಮಿತಿ ಬೇಕು, ಸಭೆ ಬೇಕು, ಸಮಯ ಬೇಕು ಎನ್ನುವುದಾದರೆ, ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಸೂಚನೆಯಲ್ಲಿ ನಿಷೇಧ ಇರುವುದು ಪೋಷಕರಿಗೆ, ಅಧಿಕಾರಿಗಳಿಗಲ್ಲ. ಸೋಮವಾರ ಬೆಳಗ್ಗೆ ನಮ್ಮ ಬೀದಿಯ ತುದಿಗೆ ಬನ್ನಿ, ಬಸ್ಸು ಹತ್ತಿ, ಗುಬ್ಬಿಯ ಪಕ್ಕದಲ್ಲಿ ಕೂತುಕೊಳ್ಳಿ. ಕಾಲುವೆ ರಸ್ತೆ ಬಂದಾಗ ಸರಳು ಗಟ್ಟಿಯಾಗಿ ಹಿಡಿಯಿರಿ. ಆ ಮಗು ಬಾಲದ ಬಣ್ಣ ಕೇಳಿ ಉತ್ತರ ಬರದೆ ಹೋದರೆ, ಮುಂದಿನ ಪ್ರಶ್ನೆ ನೀವು ಕೇಳಬೇಕಾಗುತ್ತದೆ. ಯಾವ ಪದಗಳಲ್ಲಿ ಕೇಳುತ್ತೀರೋ ಈಗಲೇ ಯೋಚಿಸಿಟ್ಟುಕೊಳ್ಳಿ.

ಇಂತಿ,
ಬಾಯಿಂದಲೇ ಬದುಕಿ, ಈಗ ಗಂಟಲು ಕಟ್ಟಿ ಕೂತಿರುವ,
ಹಳೆ ಕುರ್ಚಿ ವ್ಯಾಪಾರಿ
(ನಿಮ್ಮ ಮಾದರಿ ವಿಮರ್ಶಕಿಯ ಅಪ್ಪ)